ಊಟದ ಮಧ್ಯೆ ನೀರು ಕುಡಿಯಬಹುದಾ?

ಊಟಕ್ಕೆ ಮುಂಚೆ ಒಂದು ಗಂಟೆ, ಆಮೇಲೆ ಒಂದು ಗಂಟೆ ನೀರು ಮುಟ್ಟಬಾರದು ಅಂತಾರೆ, ನಿಜವಾ ಅಂತ ಕೇಳಿದ್ದೀರಿ. ಉಂಡ ಮೇಲೆ ಹೊಟ್ಟೆ ಭಾರ, ತೇಗು ಜಾಸ್ತಿ ಅಂತಲೂ ಬರೆದಿದ್ದೀರಿ. ನಾನು ವೈದ್ಯೆ ಅಲ್ಲ, ಆಯುರ್ವೇದ ಓದುವ ಹುಚ್ಚಿದೆ ಅಷ್ಟೇ.

ವಾಟ್ಸಾಪಿನಲ್ಲಿ ಓಡಾಡುವ ಆ ಒಂದು ಗಂಟೆಯ ಲೆಕ್ಕ ಬಿಡಿ. ವಾಗ್ಭಟ ಬರೆದ ಹಳೆಯ ಆಯುರ್ವೇದ ಗ್ರಂಥ ಅಷ್ಟಾಂಗಹೃದಯದಲ್ಲಿ ಇರುವುದು ಹೀಗೆ: ಊಟಕ್ಕೆ ಮುಂಚೆ ನೀರು ಕುಡಿದರೆ ಮೈ ಇಳಿಯುತ್ತದೆ, ಕೊನೆಗೆ ಕುಡಿದರೆ ದಪ್ಪ ಆಗುತ್ತದೆ, ನಡುನಡುವೆ ಕುಡಿದರೆ ಸಮವಾಗಿರುತ್ತದೆ. ಅಲ್ಲಿಗೆ ಊಟದ ಜೊತೆ ಕುಡಿಯಬಹುದು ಅಂತಲೇ ಆಯ್ತಲ್ವಾ? ಆದರೆ ಗುಟುಕು ಗುಟುಕಾಗಿ. ಅದೇ ಗ್ರಂಥ ಹೊಟ್ಟೆಯನ್ನು 4 ಪಾಲು ಮಾಡುತ್ತದೆ. 2 ಪಾಲು ಅನ್ನಕ್ಕೆ, 1 ಕುಡಿಯುವುದಕ್ಕೆ, ಇನ್ನೊಂದು ಗಾಳಿಯಾಡಲು ಖಾಲಿ. ಸಾರನ್ನ, ಮಜ್ಜಿಗೆ ಅನ್ನ ಉಣ್ಣುವ ನಮಗೆ ನೀರಿನ ಪಾಲು ತಟ್ಟೆಯಲ್ಲೇ ಮುಕ್ಕಾಲು ತುಂಬಿರುತ್ತದೆ.

ನಿಮ್ಮ ತೇಗಿಗೆ ನಾನು ಮೊದಲು ಅನುಮಾನ ಪಡುವುದು ಅಧ್ಯಶನದ ಮೇಲೆ, ಅಂದರೆ ತಿಂದದ್ದು ಕರಗುವ ಮುಂಚೆ ಮತ್ತೆ ತಿನ್ನುವುದು. ಒಂಬತ್ತಕ್ಕೆ ದೋಸೆ, ಹನ್ನೊಂದಕ್ಕೆ ಕಾಫಿ ಜೊತೆ ಸುಮ್ನೆ ಎರಡು ಚಕ್ಕುಲಿ, ಒಂದಕ್ಕೆ ಊಟ. ಅರ್ಧ ಬೆಂದ ಅನ್ನಕ್ಕೆ ಹಸಿ ಅಕ್ಕಿ ಸುರಿದ ಹಾಗೆ. ಮಧ್ಯಾಹ್ನ ತಟ್ಟೆ ಮುಂದೆ ಕೂರುವಾಗ ಬರುವ ತೇಗನ್ನು ಗಮನಿಸಿ. ಬೆಳಿಗ್ಗೆಯ ಚಟ್ನಿ ವಾಸನೆ ಇನ್ನೂ ಇದೆಯಾ? ಹಾಗಾದರೆ ಊಟ ಸ್ವಲ್ಪ ತಡ ಮಾಡಿ. ತೇಗು ಶುದ್ಧವಾಗಿ, ಮೈ ಹಗುರಾಗಿ, ಹಸಿವಾದರೆ ಜೀರ್ಣವಾಗಿದೆ ಅಂತ ಲೆಕ್ಕ.

ರಾತ್ರಿ ಮೊಸರು ಬೇಡ ಅನ್ನುವುದು ಮಾತ್ರ ಗ್ರಂಥದಲ್ಲೇ ಇದೆ. ಮೊಸರನ್ನ ಬಿಡಲಾಗದವರಿಗೆ ಕಷ್ಟದ ಮಾತು, ಗೊತ್ತು. ಬೆಣ್ಣೆ ತೆಗೆದ ತೆಳು ಮಜ್ಜಿಗೆ ಅದಕ್ಕಿಂತ ಹಗುರ. ನಮ್ಮ ಮಲೆನಾಡಿನ ಮನೆಯಲ್ಲಿ ಮೊದಲ ತುತ್ತಿಗೇ ತಂಬುಳಿ. ದೊಡ್ಡಪತ್ರೆ ಎಲೆ, ಜೀರಿಗೆ, ನಾಲ್ಕು ಕಾಳುಮೆಣಸನ್ನು ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಜೊತೆ ನುಣ್ಣಗೆ ರುಬ್ಬಿ ಮಜ್ಜಿಗೆಗೆ ಕಲಸಿದರೆ ಆಯ್ತು. ಕುದಿಸುವ ಹಾಗಿಲ್ಲ.

ಊಟಕ್ಕೆ ಮುಂಚೆ ಉಪ್ಪು ಹಚ್ಚಿದ ಹಸಿಶುಂಠಿ ಚೂರು ಜಗಿಯುವುದೂ ಹಳೆಯ ಪದ್ಧತಿ. ಎದೆಯುರಿ, ಬಿಪಿ ಇದ್ದರೆ ಬೇಡ. ತೂಕ ಇಳಿಯುತ್ತಿದ್ದರೆ, ಮಲ ಕಪ್ಪಗಿದ್ದರೆ ಇದೆಲ್ಲ ಬದಿಗಿಟ್ಟು ಮೊದಲು ಡಾಕ್ಟರಿಗೆ ತೋರಿಸಿ.