ಓದುಗರ ಪ್ರಶ್ನೆ, ನಮ್ಮ ಉತ್ತರ: ರ‍್ಯಾಟಲ್ ಸ್ನೇಕ್ ಕಚ್ಚಿದಾಗ ಮದ್ದು ಪೂರ್ತಿ ಕೆಲಸ ಮಾಡಬೇಕಾದರೆ

ಬಾಲದ ತುದಿಯ ಗಿಲಕಿ ಅಲ್ಲಾಡಿಸಿ ಎಚ್ಚರಿಸುವ ರ‍್ಯಾಟಲ್ ಸ್ನೇಕ್ ಬಗ್ಗೆ ಅಮೆರಿಕದ ಓದುಗರು ಕಳಿಸಿದ ಪ್ರಶ್ನೆಗಳು ಈ ಸಂಚಿಕೆಯಲ್ಲಿವೆ. ಊರಿನಿಂದ ಬಂದ ಒಂದು ಪ್ರಶ್ನೆಯನ್ನೂ ಕೊನೆಗೆ ಸೇರಿಸಿದ್ದೇವೆ.

ಪ್ರಶ್ನೆ: ಬೇಸಿಗೆಗೆ ಅಪ್ಪ, ಅಮ್ಮ ದಾವಣಗೆರೆಯಿಂದ ಬರುತ್ತಿದ್ದಾರೆ. ನಮ್ಮ ಮನೆಯ ಹಿಂದೆಯೇ ಕುರುಚಲು ಗುಡ್ಡ, ಹಾವು ಇವೆ. ಇಲ್ಲಿ ಹಾವಿನ ವಿಷದ ಮದ್ದಿನ ಒಂದು ವಯಲ್‌ಗೆ (ಪುಟ್ಟ ಸೀಸೆಗೆ) ಸಾವಿರಾರು ಡಾಲರ್ ಹಾಕುತ್ತಾರಂತೆ. ಬರುವಾಗ ಊರಿನಿಂದ ಎಎಸ್‌ವಿ, ಅಂದರೆ ಅಲ್ಲಿನ ಹಾವಿನ ವಿಷದ ಮದ್ದು, ತರಿಸಬಹುದೇ?
– ಫೀನಿಕ್ಸ್‌ನ ಓದುಗರು

ಉತ್ತರ: ದಯವಿಟ್ಟು ಬೇಡ. ಭಾರತದ ಎಎಸ್‌ವಿಯನ್ನು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆಂದೇ ತಯಾರಿಸುತ್ತಾರೆ. ರ‍್ಯಾಟಲ್ ಸ್ನೇಕ್ ಗುಳಿ ಮಂಡಲಗಳ ಗುಂಪಿಗೆ ಸೇರಿದ್ದು. ನಮ್ಮ ಮಲೆನಾಡಿನಲ್ಲೂ ಗುಳಿ ಮಂಡಲಗಳಿವೆ, ಆದರೆ ಅವುಗಳ ವಿಷವೂ ಈ ನಾಲ್ಕರ ಲೆಕ್ಕದಲ್ಲಿಲ್ಲ. ತಂದ ಮದ್ದಿನಿಂದ ಉಪಯೋಗವಂತೂ ಆಗುವುದಿಲ್ಲ, ಅಲರ್ಜಿಯ ಅಪಾಯ ಮಾತ್ರ ಪೂರ್ತಿ ಇರುತ್ತದೆ. ಜೊತೆಗೆ ಅಮೂಲ್ಯವಾದ ಹೊತ್ತೂ ಹಾಳು. ಆ ದುಡ್ಡಿನಲ್ಲಿ ಅವರಿಗೆ ಒಳ್ಳೆಯ ಪ್ರಯಾಣ ವಿಮೆ ಮಾಡಿಸಿ. ಹಾವು ಕಡಿತ ತುರ್ತು ಚಿಕಿತ್ಸೆಯಲ್ಲಿ ಸೇರಿದೆಯೇ, ಮಿತಿ ಎಷ್ಟು ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಮನೆಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಮದ್ದಿನ ದಾಸ್ತಾನಿದೆ ಎಂಬುದನ್ನು ಇವತ್ತೇ ವಿಚಾರಿಸಿಡಿ. ಅಲ್ಲಿನ ವಿಷ ಮಾಹಿತಿ ಕೇಂದ್ರದ ಸಂಖ್ಯೆ 1-800-222-1222, ಇಡೀ ದಿನ ಉತ್ತರಿಸುತ್ತಾರೆ.

ಪ್ರಶ್ನೆ: ಯಜಮಾನರಿಗೆ ಹಿಮ್ಮಡಿಯ ಹತ್ತಿರ ಕಚ್ಚಿತ್ತು. ಕ್ರೋಫ್ಯಾಬ್ ಎಂಬ ವಿಷದ ಮದ್ದು ಕೊಟ್ಟರು, ಊತ ನಿಂತಿತು, ಎರಡನೇ ದಿನ ಮನೆಗೆ ಕಳಿಸಿದರು. ಈಗ ಮತ್ತೆ ಮತ್ತೆ ರಕ್ತ ಪರೀಕ್ಷೆಗೆ ಬನ್ನಿ ಅನ್ನುತ್ತಿದ್ದಾರೆ. ಆರಾಮಾಗಿರುವವರಿಗೆ ಇದು ಬೇಕೇ?
– ಸ್ಯಾನ್ ಡಿಯಾಗೋದ ಓದುಗರು

ಉತ್ತರ: ಬೇಕೇ ಬೇಕು, ಒಂದನ್ನೂ ತಪ್ಪಿಸಬೇಡಿ. ಕಾರಣ ಮದ್ದನ್ನು ತಯಾರಿಸುವ ರೀತಿಯಲ್ಲಿದೆ.

ವಿಷವನ್ನು ಸ್ವಲ್ಪ ಸ್ವಲ್ಪವೇ ಚುಚ್ಚಿದಾಗ ಕುರಿ ಅಥವಾ ಕುದುರೆಯ ರಕ್ತದಲ್ಲಿ ಪ್ರತಿಕಾಯಗಳು ಹುಟ್ಟುತ್ತವೆ. ಪ್ರತಿಕಾಯವನ್ನು ಕವೆಗೋಲು ಎಂದುಕೊಳ್ಳಿ. ಮೇಲಿನ ಎರಡು ಕವಲುಗಳು ವಿಷವನ್ನು ಹಿಡಿಯುತ್ತವೆ, ಕೆಳಗಿನ ಹಿಡಿಯಿಂದ ಮೈಗೆ ಒಗ್ಗದಿರುವ ತೊಂದರೆಯೇ ಹೆಚ್ಚು. ಅಮೆರಿಕದಲ್ಲಿ ದಶಕಗಟ್ಟಲೆ ಬಳಸಿದ ಹಳೆಯ ಕುದುರೆ ಮದ್ದಿನಲ್ಲಿ ಇಡೀ ಕವೆಗೋಲೇ ಇರುತ್ತಿತ್ತು. ವಾರದ ನಂತರ ಜ್ವರ, ಗಂಟುನೋವು, ಮೈಮೇಲೆ ಗಂಧೆ ಬಹಳ ಜನರನ್ನು ಕಾಡುತ್ತಿದ್ದವು. 2000ರಲ್ಲಿ ಒಪ್ಪಿಗೆ ಪಡೆದ ಕ್ರೋಫ್ಯಾಬ್‌ಗೆ ಕುರಿಯ ಪ್ರತಿಕಾಯವನ್ನು ಪಪೇನ್ ಎಂಬ ಕಿಣ್ವದಿಂದ ಕತ್ತರಿಸಿ, ಕವಲುಗಳನ್ನು ಒಂಟಿ ಒಂಟಿಯಾಗಿ ಬಿಡಿಸುತ್ತಾರೆ. 2015ರಲ್ಲಿ ಒಪ್ಪಿಗೆ ಪಡೆದ ಅನಾವಿಪ್ ಎಂಬ ಇನ್ನೊಂದು ಮದ್ದಿನಲ್ಲಿ ಕುದುರೆಯ ಪ್ರತಿಕಾಯದ ಹಿಡಿಯನ್ನು ಪೆಪ್ಸಿನ್ ಎಂಬ ಕಿಣ್ವದಿಂದ ತೆಗೆದು, ಎರಡು ಕವಲುಗಳನ್ನೂ ಜೋಡಿಯಾಗಿಯೇ ಉಳಿಸುತ್ತಾರೆ.

ಒಂಟಿ ಕವಲು ಚಿಕ್ಕದು. ಊದಿದ ಮಾಂಸದೊಳಕ್ಕೆ ಚೆನ್ನಾಗಿ ಇಳಿಯುತ್ತದೆ, ಆದರೆ ಅಷ್ಟೇ ಬೇಗ ಮೈಯಿಂದ ಹೊರಹೋಗುತ್ತದೆ. ಹೆಚ್ಚೆಂದರೆ ಒಂದು ದಿನದಲ್ಲಿ ಅರ್ಧ ಖಾಲಿ. ಜೋಡಿ ಕವಲಿನಲ್ಲಿ ಅರ್ಧ ಖಾಲಿಯಾಗಲು 5 ದಿನಕ್ಕೂ ಹೆಚ್ಚು ಬೇಕು. ಕಚ್ಚಿದ ಜಾಗದ ಮಾಂಸದಲ್ಲಿ ಅಡಗಿದ ವಿಷವೋ ದಿನಗಟ್ಟಲೆ ರಕ್ತಕ್ಕೆ ಜಿನುಗುತ್ತಲೇ ಇರುತ್ತದೆ. ಆಗ ಮದ್ದು ಮುಗಿದಿರುತ್ತದೆ, ವಿಷ ಉಳಿದಿರುತ್ತದೆ. ಪ್ಲೇಟ್‌ಲೆಟ್ ಮತ್ತು ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನೋಜನ್ ಮತ್ತೆ ಕುಸಿಯುತ್ತವೆ. ರೋಗಿಗೆ ಇದು ಗೊತ್ತೇ ಆಗುವುದಿಲ್ಲ, ಕಾಲಿನ ಊತ ಇಳಿಯುತ್ತಿರುತ್ತದೆ, ಊಟ ರುಚಿಸುತ್ತಿರುತ್ತದೆ. 2015ರಲ್ಲಿ ಪ್ರಕಟವಾದ ಹೋಲಿಕೆ ಪ್ರಯೋಗದಲ್ಲಿ ಒಂಟಿ ಕವಲಿನ ಮದ್ದು ಪಡೆದ ಸುಮಾರು 30% ಜನರಲ್ಲಿ ಹೀಗಾಯಿತು. ಜೋಡಿ ಕವಲಿನದರಲ್ಲಿ ಇದು 5ರಿಂದ 10% ಮಾತ್ರ.

ಹಾಗಾಗಿ ಮದ್ದು ಮುಗಿದು 2-3 ದಿನವಾದಾಗ ಒಂದು ಸಲ, 5-7 ದಿನವಾದಾಗ ಇನ್ನೊಂದು ಸಲ ರಕ್ತ ಪರೀಕ್ಷೆ ಆಗಲೇಬೇಕು. ಎರಡು-ಮೂರು ವಾರ ಆಸ್ಪಿರಿನ್, ಐಬುಪ್ರೊಫೆನ್ ಮುಟ್ಟಬಾರದು, ಹಲ್ಲು ಕೀಳಿಸುವುದಿದ್ದರೆ ಮುಂದೂಡಿ. ವಸಡಿನಲ್ಲಿ ರಕ್ತ, ಕಪ್ಪು ಮಲ, ಸುಮ್ಮನೆ ಏಳುವ ನೀಲಿ ಕಲೆ ಇವುಗಳಲ್ಲಿ ಯಾವುದು ಕಂಡರೂ ತಾರೀಖಿಗೆ ಕಾಯದೆ ಹೋಗಿ.

ಹಾಗಾದರೆ ಅನಾವಿಪ್ಪೇ ಮೇಲಲ್ಲವೇ ಎಂದು ನೀವು ಕೇಳಬಹುದು. ತಡವಾಗಿ ಬರುವ ಈ ತೊಂದರೆಯ ಮಟ್ಟಿಗೆ ಹೌದು. ಆದರೂ ಅದನ್ನೇ ಹುಡುಕಿಕೊಂಡು ಎರಡು ಗಂಟೆ ಕಾರು ಓಡಿಸುವುದು ತಪ್ಪು. ಹತ್ತಿರದ ಆಸ್ಪತ್ರೆಯಲ್ಲಿ ಯಾವುದಿದೆಯೋ ಅದೇ ಒಳ್ಳೆಯ ಮದ್ದು.

ಪ್ರಶ್ನೆ: ಇಲ್ಲಿನ ತುರ್ತು ವಿಭಾಗಕ್ಕೆ ಹೊಸದಾಗಿ ಸೇರಿದ ನರ್ಸ್ ನಾನು. ಕ್ರೋಫ್ಯಾಬ್ ಕಲಸುವಾಗ, ಕೊಡುವಾಗ ಎಲ್ಲಿ ಎಡವಟ್ಟಾಗುತ್ತದೆ?
– ಟೂಸಾನ್‌ನ ಓದುಗರು

ಉತ್ತರ: ಬಹುತೇಕ ಮೊದಲ ಅರ್ಧ ಗಂಟೆಯಲ್ಲಿ. ಪುಡಿ ರೂಪದ ಪ್ರತಿ ವಯಲ್‌ಗೆ 18 ಮಿ.ಲೀ. ನಾರ್ಮಲ್ ಸಲೈನ್. ಸಲೈನನ್ನು ನೇರ ಪುಡಿಯ ಮೇಲೆ ರಭಸದಿಂದ ಬಿಡದೆ ಗಾಜಿನ ಒಳಗೋಡೆಗೆ ಹರಿಸಿ, ಆಮೇಲೆ ವಯಲನ್ನು ಅಂಗೈಯಲ್ಲಿ ಉರುಳಿಸುತ್ತ, ಮೇಲೆ ಕೆಳಗೆ ಮಾಡುತ್ತ ಇರಿ. ಅವಸರಕ್ಕೆ ಬಿದ್ದು ಕುಲುಕಿದರೆ ನೊರೆ ಏಳುತ್ತದೆ. ನೊರೆಯಲ್ಲಿ ಪ್ರೋಟೀನ್ ಕೆಡುತ್ತದೆ, ಸಿರಿಂಜಿಗೆ ಪೂರ್ತಿ ಎಳೆಯಲೂ ಆಗುವುದಿಲ್ಲ. ಒಬ್ಬರೇ ಆರು ವಯಲ್ ಕಲಸುತ್ತ ಕೂತರೆ ಹೊತ್ತು ಜಾರುತ್ತದೆ, ಕೈ ಬಿಡುವಿರುವ ಎಲ್ಲರಿಗೂ ಒಂದೊಂದು ಕೊಡಿ. ಕಲಸಿದ್ದನ್ನು 4 ಗಂಟೆಯೊಳಗೆ ಬಳಸಬೇಕು.

ಮೊದಲ ಡೋಸ್ 4ರಿಂದ 6 ವಯಲ್, ಆಘಾತ (ಬಿಪಿ ತೀರಾ ಕುಸಿದ ಸ್ಥಿತಿ) ಅಥವಾ ಜೋರು ರಕ್ತಸ್ರಾವವಿದ್ದರೆ 8ರಿಂದ 12. ಎಲ್ಲವನ್ನೂ 250 ಮಿ.ಲೀ. ಸಲೈನ್‌ಗೆ ಸೇರಿಸಿ. ಮೊದಲ 10 ನಿಮಿಷ ಗಂಟೆಗೆ 25-50 ಮಿ.ಲೀ. ವೇಗದಲ್ಲಿ ಬಿಟ್ಟು ರೋಗಿಯ ಪಕ್ಕದಲ್ಲೇ ನಿಂತು ನೋಡಿ. ಗಂಧೆ, ಉಬ್ಬಸ, ಬಿಪಿ ಕುಸಿತ ಇಲ್ಲವಾದರೆ ವೇಗ ಹೆಚ್ಚಿಸಿ ಒಟ್ಟು ಒಂದು ಗಂಟೆಯಲ್ಲಿ ಮುಗಿಸಿ. ಅಡ್ರಿನಾಲಿನ್ ಕೈಗೆಟುಕುವಲ್ಲಿರಲಿ. ಮಗುವಿಗೂ ಇಷ್ಟೇ ವಯಲ್, ಏಕೆಂದರೆ ಮಗು ಚಿಕ್ಕದೆಂದು ಹಾವು ವಿಷ ಕಡಿಮೆ ಬಿಟ್ಟಿರುವುದಿಲ್ಲ. ಸಲೈನ್ ಪ್ರಮಾಣ ಮಾತ್ರ ತೂಕಕ್ಕೆ ತಕ್ಕಂತೆ ಇಳಿಸುತ್ತಾರೆ.

ಊತದ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲೇ ಗಂಟೆ ಬರೆಯಿರಿ, 15-30 ನಿಮಿಷಕ್ಕೊಮ್ಮೆ ಹೊಸ ಗೆರೆ. ಗೆರೆ ಮೇಲೇರುತ್ತಿದ್ದರೆ, ಇಲ್ಲವೇ ರಕ್ತದ ವರದಿ ಸುಧಾರಿಸದಿದ್ದರೆ ಇನ್ನೊಂದು 4-6 ವಯಲ್. ವಿಷ ಹತೋಟಿಗೆ ಬಂದ ಮೇಲೆ 6, 12, 18ನೇ ಗಂಟೆಗೆ ತಲಾ 2 ವಯಲ್. ರೋಗಿ ನಿದ್ದೆ ಮಾಡುತ್ತಿದ್ದಾನೆ, ಬೆಳಿಗ್ಗೆ ನೋಡೋಣ ಎಂದು ನಡುವಿನ ಡೋಸ್ ಬಿಡುವುದು ನಮ್ಮ ಪ್ರಕಾರ ಅತಿ ದೊಡ್ಡ ತಪ್ಪು.

ಪ್ರಶ್ನೆ: ನನಗೆ ಪರಂಗಿ ಹಣ್ಣು ಆಗುವುದಿಲ್ಲ, ಬಾಯಿ ಊದುತ್ತದೆ. ಹಾವಿನ ಮದ್ದಿಗೂ ಅದಕ್ಕೂ ಸಂಬಂಧವಿದೆಯೇ?
– ಆಸ್ಟಿನ್‌ನ ಓದುಗರು

ಉತ್ತರ: ಇದೆ. ಮೇಲೆ ಹೇಳಿದ ಪಪೇನ್ ಬರುವುದು ಪರಂಗಿಯಿಂದಲೇ, ಅದರ ಅಂಶ ಮದ್ದಿನಲ್ಲಿ ಉಳಿದಿರಬಹುದು. ಆಸ್ಪತ್ರೆಗೆ ಹೋದ ಕೂಡಲೇ ಹೇಳಿಬಿಡಿ, ವೈದ್ಯರು ಅನಾವಿಪ್ ಸಿಗುತ್ತದೆಯೇ ನೋಡುತ್ತಾರೆ.

ಪ್ರಶ್ನೆ: ಆಸ್ಪತ್ರೆ ತಲುಪುವವರೆಗೆ ಏನು ಮಾಡಬೇಕು? ಬಿಗಿಯಾಗಿ ಕಟ್ಟಬಹುದೇ?
– ಸ್ಯಾನ್ ಹೋಸೆಯ ಓದುಗರು

ಉತ್ತರ: ಕಟ್ಟಬೇಡಿ, ಕೊಯ್ಯಬೇಡಿ, ಹೀರಬೇಡಿ, ಐಸ್ ಇಡಬೇಡಿ. ಈ ವಿಷ ಮಾಂಸವನ್ನೇ ಕರಗಿಸುವಂಥದ್ದು, ಕಟ್ಟಿದರೆ ಅಷ್ಟೂ ಒಂದೇ ಕಡೆ ನಿಂತು ಬೆರಳನ್ನೋ ಕೈಯನ್ನೋ ಕೊಲ್ಲುತ್ತದೆ. ಉಂಗುರ, ಬಳೆ, ಗಡಿಯಾರ ಊತ ಏರುವ ಮೊದಲೇ ತೆಗೆಯಿರಿ. 911ಕ್ಕೆ ಕರೆ ಮಾಡಿ, ಕಚ್ಚಿದ ಕೈಯನ್ನೋ ಕಾಲನ್ನೋ ಅಲುಗಾಡಿಸದೆ ಹೊರಡಿ. ಮದ್ದು ರಕ್ತದಲ್ಲಿರುವ ವಿಷವನ್ನು ಹಿಡಿಯಬಲ್ಲದೇ ಹೊರತು ಆಗಲೇ ಸತ್ತ ಮಾಂಸವನ್ನು ಬದುಕಿಸಲಾರದು. ಆದಷ್ಟು ಬೇಗ, 6 ಗಂಟೆಯೊಳಗೆ ಶುರುವಾಗಲಿ ಎಂದು ಹೇಳುವುದು ಇದಕ್ಕೇ.

ಪ್ರಶ್ನೆ: ನುಂಗುವ ಮಾತ್ರೆ ಬರುತ್ತಿದೆಯಂತೆ, ನಿಜವೇ?
– ಮೈಸೂರಿನ ಓದುಗರು

ಉತ್ತರ: ವಾರೆಸ್ಪ್ಲಾಡಿಬ್ ಎಂಬ ಮಾತ್ರೆಯನ್ನು ಭಾರತ, ಅಮೆರಿಕ ಎರಡೂ ಕಡೆ ಹಾವು ಕಚ್ಚಿದವರಲ್ಲಿ ಪರೀಕ್ಷಿಸಿದ್ದಾರೆ. ಫಾಸ್ಫೊಲಿಪೇಸ್ ಎ2 ಎಂಬ ವಿಷದ ಕಿಣ್ವವನ್ನು ಅದು ತಡೆಯುತ್ತದೆ. ಒಟ್ಟು ಫಲಿತಾಂಶದಲ್ಲಿ ಮುಖ್ಯ ಗುರಿ ಮುಟ್ಟಲಿಲ್ಲ, ಬೇಗ ಪಡೆದವರಲ್ಲಿ ಮಾತ್ರ ಒಳ್ಳೆಯ ಸೂಚನೆ ಕಂಡಿತು. ರ‍್ಯಾಟಲ್ ಸ್ನೇಕ್ ವಿಷದಲ್ಲಿ ಮಾಂಸ ಮತ್ತು ರಕ್ತನಾಳ ಕೆಡಿಸುವ ಬೇರೆ ಕಿಣ್ವಗಳೂ ಇರುವುದರಿಂದ ಈ ಒಂದೇ ಮಾತ್ರೆ ಸಾಲದು, ದಾರಿಯಲ್ಲಿ ಹೊತ್ತು ಗಳಿಸಿಕೊಡುವ ಜೊತೆಮದ್ದಾಗಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯ ಜೊತೆ ಸೇರಿ 2024ರಲ್ಲಿ ಪ್ರಕಟಿಸಿದ ಕೃತಕ ಪ್ರತಿಕಾಯದ ಕೆಲಸ ನಮಗೆ ಬಹಳ ಭರವಸೆ ಕೊಟ್ಟಿದೆ. ಆದರೆ ಅದರ ಗುರಿ ನಾಗರಹಾವು, ಕಟ್ಟುಹಾವುಗಳ ಬಳಗದ ನರವಿಷ. ಇಲಿಗಳಲ್ಲಿ ಕೆಲಸ ಮಾಡಿದೆ, ರ‍್ಯಾಟಲ್ ಸ್ನೇಕ್‌ಗೆ ಅದು ಅನ್ವಯಿಸುವುದಿಲ್ಲ.