ಫೆಬ್ರವರಿಯಲ್ಲಿ ಮೊದಲ ಸಲ ಫಿನ್ಲೆಂಡ್: ಬೆಚ್ಚಗಿರುವುದಕ್ಕಿಂತ ಒಣಗಿರುವುದು ಮುಖ್ಯ

ನಿಮ್ಮ ಪ್ರಶ್ನೆ ಇಷ್ಟು: ಬೆಂಗಳೂರಿನಿಂದ ನೀವು, ನಿಮ್ಮ ಹೆಂಡತಿ ಮತ್ತು 62 ವರ್ಷದ ತಾಯಿ ಒಂಬತ್ತು ರಾತ್ರಿಗೆ ಫಿನ್ಲೆಂಡ್‌ಗೆ ಹೋಗಬೇಕು, ಯಾರೂ ಹಿಮ ನೋಡಿಲ್ಲ, ಮೂವರೂ ಸಸ್ಯಾಹಾರಿಗಳು. ಯಾವಾಗ, ಯಾವ ಊರು, ಏನು ಹಾಕಿಕೊಳ್ಳಬೇಕು? ಜೊತೆಗೆ "ಮೈನಸ್ ಇಪ್ಪತ್ತನ್ನು ತಾಯಿ ತಡೆದುಕೊಳ್ಳುತ್ತಾರಾ?" ಎಂದೂ ಕೇಳಿದ್ದೀರಿ.

ಕೊನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ತಡೆದುಕೊಳ್ಳುತ್ತಾರೆ. ನನಗೆ ಭಯವಿರುವುದು ಮೈನಸ್ ಇಪ್ಪತ್ತರದ್ದಲ್ಲ, ಸೊನ್ನೆಯದು. ಮೈನಸ್ ಹದಿನೈದರಲ್ಲಿ ಹಿಮ ಒಣ ರವೆಯಂತೆ ಇರುತ್ತದೆ, ಕೊಡವಿದರೆ ಉದುರಿಹೋಗುತ್ತದೆ, ಅದರ ಮೇಲೆ ಹೆಜ್ಜೆಯೂ ನಿಲ್ಲುತ್ತದೆ. ಹೆಲ್ಸಿಂಕಿಯಲ್ಲಿ ಚಳಿಗಾಲ ಹೆಚ್ಚಾಗಿ ಸೊನ್ನೆಯ ಆಚೀಚೆ ಓಲಾಡುತ್ತದೆ. ಹಗಲು ಕರಗಿ ಗಂಜಿಯಂತಾದ ಹಿಮ (ಅಲ್ಲಿಯವರು ಅದನ್ನು ಲೋಸ್ಕಾ ಎನ್ನುತ್ತಾರೆ) ಶೂ ಒಳಗೆ ಇಳಿಯುತ್ತದೆ. ರಾತ್ರಿ ಅದೇ ಹೆಪ್ಪುಗಟ್ಟಿ ಫುಟ್‌ಪಾತ್ ಗಾಜಾಗುತ್ತದೆ. ಮೇಲಿಂದ ಸಮುದ್ರದ ಗಾಳಿ. ಮೈನಸ್ 5 ಇದ್ದು ಗಾಳಿ ಗಂಟೆಗೆ 30 ಕಿ.ಮೀ. ಬೀಸಿದರೆ ಚರ್ಮಕ್ಕೆ ಅದು ಮೈನಸ್ 13ರಷ್ಟು. ಒದ್ದೆ ಕಾಲು, ಬೆವೆತ ಬೆನ್ನು, ಜಾರುವ ನೆಲ: ಈ ಮೂರಕ್ಕೆ ತಯಾರಿ ಮಾಡಿಕೊಂಡರೆ ಥರ್ಮಾಮೀಟರ್ ನೋಡಬೇಕಾಗಿಯೇ ಇಲ್ಲ.

ಯಾವಾಗ ಎಂಬುದಕ್ಕೆ ನನ್ನ ಆಯ್ಕೆ ಫೆಬ್ರವರಿಯ ಮೊದಲ ಎರಡು ವಾರ. ಡಿಸೆಂಬರ್ 21ರ ಸುಮಾರಿಗೆ ಹೆಲ್ಸಿಂಕಿಯಲ್ಲಿ ಸೂರ್ಯ ಬೆಳಗ್ಗೆ 9.20 ದಾಟಿ ಹುಟ್ಟಿ ಮಧ್ಯಾಹ್ನ 3.15ಕ್ಕೆ ಮುಳುಗುತ್ತಾನೆ, ಉತ್ತರದ ರೊವಾನಿಯೆಮಿ ಊರಿನಲ್ಲಿ ಎರಡು ಗಂಟೆಗಿಂತ ಸ್ವಲ್ಪ ಹೆಚ್ಚು ಮಾತ್ರ ಇರುತ್ತಾನೆ. ಫೋಟೊಗಳಲ್ಲಿ ಆ ನೀಲಿ ಬೆಳಕು ಚೆನ್ನ, ಆದರೆ ನಮ್ಮ ಕಡೆಯವರಿಗೆ ಮೂರನೇ ದಿನಕ್ಕೆ ಮಂಕು ಹಿಡಿಯುತ್ತದೆ. ಡಿಸೆಂಬರ್ 24ರ ಮಧ್ಯಾಹ್ನದಿಂದ 26ರವರೆಗೆ ಊರು ಬಹುತೇಕ ಬಾಗಿಲು ಹಾಕಿಕೊಳ್ಳುತ್ತದೆ ಅನ್ನುವುದು ಇನ್ನೊಂದು ಪೇಚು. ಫೆಬ್ರವರಿ ಮಧ್ಯದ ಹೊತ್ತಿಗೆ ಹೆಲ್ಸಿಂಕಿಯಲ್ಲಿ ಒಂಬತ್ತು ಗಂಟೆಗೂ ಮಿಕ್ಕಿ ಬೆಳಕಿರುತ್ತದೆ, ಹಿಮವೂ ಇರುತ್ತದೆ. ತಿಂಗಳ ಮೂರನೇ ವಾರದಿಂದ ಮಾರ್ಚ್ ಮೊದಲ ವಾರದವರೆಗೆ ಅಲ್ಲಿನ ಶಾಲೆಗಳಿಗೆ ಸರದಿಯ ಮೇಲೆ ಸ್ಕೀಯಿಂಗ್ ರಜೆ, ಆಗ ಉತ್ತರದ ಹೋಟೆಲ್ ದರ ಏರುತ್ತದೆ.

ವೀಸಾ: ಷೆಂಗೆನ್ (ಫಿನ್ಲೆಂಡ್ ಸೇರಿದಂತೆ ಯೂರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಹಾಕಬಹುದು, 15 ದಿನಕ್ಕಿಂತ ತಡ ಮಾಡುವಂತಿಲ್ಲ. ಕೆಲವೊಮ್ಮೆ ತೀರ್ಮಾನಕ್ಕೆ 45 ದಿನವೂ ಹಿಡಿಯುವುದರಿಂದ ನವೆಂಬರ್‌ನಲ್ಲೇ ಹಾಕಿಬಿಡಿ. ಶುಲ್ಕ ವಯಸ್ಕರಿಗೆ 90 ಯೂರೋ, ವೀಸಾ ಕೇಂದ್ರದ ಸೇವಾಶುಲ್ಕ ಬೇರೆ. ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದಾಗಿರಬೇಕು. ತಾಯಿಯ ಪಾಲಿಸಿಯಲ್ಲಿ ಮೊದಲೇ ಇರುವ ಬಿಪಿ, ಸಕ್ಕರೆ ಕಾಯಿಲೆಗಳ ಷರತ್ತು ಓದಿ, ಬಿದ್ದು ಮೂಳೆ ಮುರಿದರೆ ಎಷ್ಟು ಕೊಡುತ್ತಾರೆಂದು ನೋಡಿ. ಚಳಿಗಾಲದಲ್ಲಿ ಕ್ಲೇಮ್ ಬರುವುದು ಅಲ್ಲಿಂದಲೇ. ಫ್ರಾಂಕ್‌ಫರ್ಟ್ ಅಥವಾ ಆಮ್‌ಸ್ಟರ್‌ಡ್ಯಾಂ ಮೂಲಕ ಹೋದರೆ ಇಮಿಗ್ರೇಷನ್ ಅಲ್ಲೇ ಮುಗಿಯುತ್ತದೆ. 2025ರ ಅಕ್ಟೋಬರ್‌ನಿಂದ ಬೆರಳಚ್ಚು, ಫೋಟೊ ತೆಗೆಯುವ ಹೊಸ ವ್ಯವಸ್ಥೆ ಬಂದಿದೆ, ಸಾಲು ಉದ್ದವಾಗಬಹುದು. ಎರಡು ವಿಮಾನಗಳ ನಡುವೆ ಕನಿಷ್ಠ ಎರಡೂವರೆ ಗಂಟೆ ಇಟ್ಟುಕೊಳ್ಳಿ. ಜಾಕೆಟ್, ಟೋಪಿ, ಕೈಗವಸು ಕ್ಯಾಬಿನ್ ಬ್ಯಾಗಿನಲ್ಲಿರಲಿ, ಬೂಟು ಕಾಲಲ್ಲಿರಲಿ. ಚೆಕ್-ಇನ್ ಮಾಡಿದ ಸೂಟ್‌ಕೇಸ್ ಒಂದು ದಿನ ತಡವಾದರೆ ಚಪ್ಪಲಿ, ಸ್ವೆಟರ್‌ನಲ್ಲಿ ಹೆಲ್ಸಿಂಕಿಗೆ ಇಳಿಯುವುದು ಬೇಡ.

ಊರುಗಳು ಮೂರು ಸಾಕು. ಹೆಲ್ಸಿಂಕಿ ನಾಲ್ಕು ರಾತ್ರಿ, ತಾಂಪೆರೆ ಒಂದು, ರಾತ್ರಿ ರೈಲು ಒಂದು, ರೊವಾನಿಯೆಮಿ ಮೂರು. ಹೆಲ್ಸಿಂಕಿಯಿಂದ ತಾಂಪೆರೆಗೆ ರೈಲಿನಲ್ಲಿ ಎರಡು ಗಂಟೆಯೊಳಗೆ. ಮರುದಿನ ರಾತ್ರಿ ಅಲ್ಲಿಂದಲೇ ಉತ್ತರದ ರೈಲು ಹತ್ತಿದರೆ ಹೆಲ್ಸಿಂಕಿಗೆ ವಾಪಸ್ ಬರುವ ಕೆಲಸವಿಲ್ಲ. ಮಲಗುವ ಕ್ಯಾಬಿನ್‌ನಲ್ಲಿ ಎರಡು ಮಂಚ ಮಾತ್ರ, ನಿಮಗೆ ಎರಡು ಕ್ಯಾಬಿನ್ ಬೇಕು. ಮೇಲಿನ ಅಂತಸ್ತಿನದಕ್ಕೆ ಸ್ವಂತ ಶೌಚಾಲಯ, ಶವರ್ ಇರುತ್ತದೆ, ಕೆಳಗಿನದಕ್ಕೆ ಹೊರಗಿನದು. ತಾಯಿ ಮೆಟ್ಟಿಲು ಹತ್ತುತ್ತಾರಾದರೆ ಮೇಲಿನದೇ ತೆಗೆದುಕೊಳ್ಳಿ. ಬೇಗ ಬುಕ್ ಮಾಡಿದಷ್ಟೂ ಅಗ್ಗ. ಬರುವಾಗ ರೊವಾನಿಯೆಮಿಯಿಂದ ವಿಮಾನ ಹಿಡಿದು, ಹೆಲ್ಸಿಂಕಿಯ ನಾಲ್ಕು ರಾತ್ರಿಗಳಲ್ಲಿ ಒಂದನ್ನು ಕೊನೆಗೆ ಉಳಿಸಿಕೊಂಡು ಅಲ್ಲೇ ಕಳೆಯಿರಿ. ಹಿಮಗಾಳಿಯಿಂದ ಒಂದು ವಿಮಾನ ತಪ್ಪಿದರೂ ಬೆಂಗಳೂರಿನ ಟಿಕೆಟ್ ಉಳಿಯುತ್ತದೆ. ಕಾರು ಬಾಡಿಗೆಗೆ ತೆಗೆದುಕೊಳ್ಳುವ ಯೋಚನೆ ಬಿಡಿ. ಹಿಮದ ಮೇಲೆ ಬ್ರೇಕ್ ಹಾಕಿ ಅಭ್ಯಾಸವಿಲ್ಲದವರಿಗೆ, ಅದೂ ಕತ್ತಲಲ್ಲಿ ಹಿಮಸಾರಂಗ ರಸ್ತೆಗೆ ಬರುವ ಕಡೆ, ಅದು ಸಾಹಸವಲ್ಲ, ಮೂರ್ಖತನ.

ಈಗ ಬಟ್ಟೆ. ಒಂದರ ಮೇಲೊಂದು ಆರು ಸ್ವೆಟರ್ ಏರಿಸುವುದು ನಮ್ಮವರ ಮಾಮೂಲಿ ತಪ್ಪು. ಬೇಕಿರುವುದು ಮೂರೇ ಪದರ. ಮೈಗೆ ಅಂಟಿದಂತೆ ತೆಳು ಮೆರಿನೊ ಉಣ್ಣೆ ಅಥವಾ ಪಾಲಿಯೆಸ್ಟರ್ ಥರ್ಮಲ್, ಮೇಲೆ ಕೆಳಗೆ ಎರಡಕ್ಕೂ. ಅದರ ಮೇಲೆ ಫ್ಲೀಸ್ ಅಥವಾ ಉಣ್ಣೆ ಸ್ವೆಟರ್. ಹೊರಗೆ ಗಾಳಿ, ನೀರು ತಡೆಯುವ, ತೊಡೆಯವರೆಗೆ ಬರುವ, ಹುಡ್ ಇರುವ ಜಾಕೆಟ್. ಹತ್ತಿ ಬನಿಯನ್ ಹಾಕಬೇಡಿ. ಹತ್ತಿ ಬೆವರು ಕುಡಿದು ಹಿಡಿದಿಟ್ಟುಕೊಳ್ಳುತ್ತದೆ, ಹೊರಗೆ ಬಂದ ಹತ್ತು ನಿಮಿಷಕ್ಕೆ ಬೆನ್ನಿಗೆ ತಣ್ಣೀರು ಬಟ್ಟೆ ಹಾಕಿದಂತಾಗುತ್ತದೆ. ಜೀನ್ಸ್ ಕೂಡ ಹತ್ತಿಯೇ. ಥರ್ಮಲ್ ತಲಾ ಎರಡು ಜೊತೆ ಸಾಕು. ರಾತ್ರಿ ಒಗೆದು ಹಿಂಡಿ ಬಚ್ಚಲಿನ ಬಿಸಿ ಟವೆಲ್ ಕಂಬಿಗೆ ಹಾಕಿದರೆ, ಒಳಗಿನ ಗಾಳಿ ಅಷ್ಟು ಒಣಗಿರುವುದರಿಂದ, ಬೆಳಗ್ಗೆಗೆ ಒಣಗಿರುತ್ತದೆ.

ಈ ಪದರಗಳನ್ನು ಬಳಸುವ ರೀತಿ ಹೇಳಿಕೊಡದಿದ್ದರೆ ಇಷ್ಟು ಖರ್ಚೂ ದಂಡ. ಮನೆ, ಮಾಲ್, ಮ್ಯೂಸಿಯಂ ಎಲ್ಲ ಒಳಗೆ 21 ಡಿಗ್ರಿ ಆಸುಪಾಸು ಇರುತ್ತವೆ. ಬಾಗಿಲು ದಾಟುವ ಮುನ್ನವೇ ಜಾಕೆಟ್ ಜಿಪ್ ಪೂರ್ತಿ ತೆರೆಯಿರಿ, ಟೋಪಿ ತೆಗೆದು ಜೇಬಿಗೆ ಹಾಕಿ. ಮ್ಯೂಸಿಯಂಗಳಲ್ಲಿ ಕೋಟು ತೂಗುಹಾಕುವ ಜಾಗ ಅಥವಾ ಲಾಕರ್ ಇರುತ್ತದೆ, ನಾಚಿಕೆಯಿಲ್ಲದೆ ಬಳಸಿ, ಅಲ್ಲಿ ಎಲ್ಲರೂ ಅದನ್ನೇ ಮಾಡುವುದು. ಹೊರಡುವಾಗ ಬಾಗಿಲ ಹತ್ತಿರ ಬಂದ ಮೇಲೆಯೇ ಜಿಪ್ ಏರಿಸಬೇಕು. ಹೊರಗೆ ಕಾಲಿಟ್ಟ ಮೊದಲ ಐದು ನಿಮಿಷ ಸ್ವಲ್ಪ ಚಳಿ ಎನಿಸಿದರೆ ಲೆಕ್ಕ ಸರಿಯಾಗಿದೆ ಎಂದರ್ಥ, ನಡೆದಂತೆ ಮೈ ಕಾಯುತ್ತದೆ. ಹೊರಡುವಾಗಲೇ ಹಾಯೆನಿಸಿದರೆ ಅರ್ಧ ಗಂಟೆಯಲ್ಲಿ ಬೆವರುತ್ತೀರಿ.

ಕೈಗೆ ತೆಳು ಗ್ಲೌಸ್, ಅದರ ಮೇಲೆ ಬೆರಳುಗಳೆಲ್ಲ ಒಟ್ಟಿಗಿರುವ ಮಿಟನ್. ಬೆರಳು ಒಂದನ್ನೊಂದು ಕಾಯಿಸಿಕೊಳ್ಳುತ್ತವೆ, ಫೋನ್ ಮುಟ್ಟುವಾಗ ಮಿಟನ್ ಮಾತ್ರ ತೆಗೆದರಾಯಿತು. ತಲೆಗೆ, ಬೆಂಗಳೂರಿನಲ್ಲಿ ನಗೆಪಾಟಲಾಗುವ ಮಂಕಿ ಕ್ಯಾಪ್ ಇದೆಯಲ್ಲ, ರೊವಾನಿಯೆಮಿಯಲ್ಲಿ ಅದಕ್ಕೆ ಮರ್ಯಾದೆ ಬರುತ್ತದೆ. ಕೆನ್ನೆ, ಮೂಗಿನ ತುದಿ, ಕಿವಿಯಲ್ಲಿ ಬಿಳಿ ಮಚ್ಚೆ ಕಂಡು ಅಲ್ಲಿ ಸ್ಪರ್ಶ ತಿಳಿಯದಿದ್ದರೆ ಉಜ್ಜಬೇಡಿ, ಒಳಗೆ ಹೋಗಿ ಬೆಚ್ಚನೆ ಅಂಗೈ ಒತ್ತಿ ಹಿಡಿಯಿರಿ. ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿರಬೇಕು, ತನ್ನ ಮೂಗು ತನಗೆ ಕಾಣುವುದಿಲ್ಲ.

ತಾಯಿ ಸೀರೆಯನ್ನೇ ಉಡುವವರಾದರೆ: ಒಳಗೆ ಓಡಾಡುವಾಗ ಅಡ್ಡಿಯಿಲ್ಲ, ಬೀದಿಯಲ್ಲಿ ನೆರಿಗೆಯ ಅಂಚು ಲೋಸ್ಕಾದಲ್ಲಿ ತೊಯ್ದು ಕಣಕಾಲಿಗೆ ಬಡಿಯುತ್ತದೆ. ಹೊರಗೆ ಥರ್ಮಲ್ ಲೆಗಿಂಗ್ಸ್ ಮೇಲೆ ಪ್ಯಾಂಟ್ ಹಾಕಿಸಿ. ಒಪ್ಪದಿದ್ದರೆ ಲೆಗಿಂಗ್ಸ್ ಮೇಲೇ ಸೀರೆಯನ್ನು ಕಣಕಾಲಿಗಿಂತ ನಾಲ್ಕು ಬೆರಳು ಎತ್ತರಕ್ಕೆ ಉಡಿಸಿ. ಕಾಲುಂಗುರ ತೆಗೆಯಲು ಬಂದರೆ ತೆಗೆದಿಡುವುದು ಒಳ್ಳೆಯದು. ದಪ್ಪ ಸಾಕ್ಸ್ ಒಳಗೆ ಅದು ಬೆರಳನ್ನು ಒತ್ತುತ್ತದೆ, ಲೋಹ ಬೇಗ ತಣ್ಣಗಾಗುತ್ತದೆ.

ಬೂಟಿನ ಮೇಲೆ ದುಡ್ಡು ಹಾಕಿ, ಬೇರೆ ಎಲ್ಲಿಯಾದರೂ ಉಳಿಸಿ. ಕಣಕಾಲು ಮುಚ್ಚಬೇಕು, ಕೆಳಭಾಗ ರಬ್ಬರ್ ಅಥವಾ ನೀರು ಒಳಬಿಡದ ವಸ್ತುವಿನದಾಗಿರಬೇಕು, ಅಳತೆ ನಿಮ್ಮ ಮಾಮೂಲಿಗಿಂತ ಒಂದು ಹೆಚ್ಚು. ಉಣ್ಣೆ ಸಾಕ್ಸ್ ಹಾಕಿದ ಮೇಲೂ ಬೆರಳು ಆಡಿಸಲು ಬರಬೇಕು. ಎರಡು ಜೊತೆ ಸಾಕ್ಸ್ ತುರುಕಿದರೆ ಬೂಟು ಬಿಗಿಯಾಗಿ ರಕ್ತ ಓಡುವುದಿಲ್ಲ, ಕಾಲು ಇನ್ನಷ್ಟು ತಣ್ಣಗಾಗುತ್ತದೆ. ಬೂಟಿಗೆ ಏರಿಸುವ, ಸಣ್ಣ ಉಕ್ಕಿನ ಮೊಳೆಗಳಿರುವ ರಬ್ಬರ್ ಪಟ್ಟಿ ಸಿಗುತ್ತದೆ, ಹೆಲ್ಸಿಂಕಿಯ ಸೂಪರ್‌ಮಾರ್ಕೆಟ್, ಔಷಧಿ ಅಂಗಡಿಗಳಲ್ಲೂ ಇದೆ. ತಾಯಿಗೆ ಮೊದಲ ದಿನವೇ ಕೊಡಿಸಿ. ಅದನ್ನು ಹಾಕಿಕೊಂಡೇ ಮಾಲ್ ಒಳಗೆ ನುಗ್ಗಬೇಡಿ, ನುಣುಪು ಕಲ್ಲಿನ ನೆಲದ ಮೇಲೆ ಉಕ್ಕಿನ ಮೊಳೆ ಮಂಜುಗಡ್ಡೆಗಿಂತ ಹೆಚ್ಚು ಜಾರುತ್ತದೆ. ನಡೆಯುವಾಗ ಪುಟ್ಟ ಹೆಜ್ಜೆ, ಪಾದ ಚಪ್ಪಟೆ, ಮೊಣಕಾಲು ಸ್ವಲ್ಪ ಬಾಗಿರಲಿ, ಕೈ ಜೇಬಿನಿಂದ ಹೊರಗಿರಲಿ. ಫುಟ್‌ಪಾತ್ ಮೇಲೆ ಚೆಲ್ಲಿರುವ ಜಲ್ಲಿಕಲ್ಲಿನ ಚೂರು ಕಸವಲ್ಲ, ಹಿಡಿತಕ್ಕೆಂದೇ ಹಾಕಿರುವುದು, ಅದರ ಮೇಲೇ ನಡೆಯಿರಿ. ಕಟ್ಟಡದ ಮುಂದೆ ಪಟ್ಟಿ ಕಟ್ಟಿ ದಾರಿ ತಡೆದಿದ್ದರೆ ಮೇಲೆ ಛಾವಣಿಯ ಹಿಮ ಕೆಡವುತ್ತಿದ್ದಾರೆ ಎಂದು ತಿಳಿದು ರಸ್ತೆ ದಾಟಿ ಹೋಗಿ.

ಜಾಕೆಟ್‌ಗೆ ರಿಫ್ಲೆಕ್ಟರ್ ಬಿಲ್ಲೆ ನೇತುಹಾಕುವುದನ್ನು ಮರೆಯಬೇಡಿ. ಕತ್ತಲಲ್ಲಿ ರಸ್ತೆಯಲ್ಲಿ ನಡೆಯುವವರು ಅದನ್ನು ಬಳಸಬೇಕೆಂದು ಅಲ್ಲಿನ ಕಾನೂನೇ ಹೇಳುತ್ತದೆ. ಕೆಲವೇ ಯೂರೋ ಬೆಲೆ, ಅಂಗಡಿಯಲ್ಲಿ 'ಹೆಯಾಸ್ತಿನ್' ಎಂದು ಕೇಳಿ.

ಫೋನ್ ಒಳಜೇಬಿನಲ್ಲಿ, ಮೈ ಶಾಖಕ್ಕೆ ಹತ್ತಿರವಿರಲಿ. ಚಳಿಗೆ ಲಿಥಿಯಂ ಬ್ಯಾಟರಿ 40 ಶೇಕಡಾ ತೋರಿಸುತ್ತಿರುವಾಗಲೇ ಆರಿಹೋಗಬಹುದು. ರೈಲು ಟಿಕೆಟ್, ನಕ್ಷೆ ಎಲ್ಲ ಅದರಲ್ಲೇ ಇದ್ದರೆ ಪಜೀತಿ. ಕ್ಯಾಮೆರಾ ಇದ್ದರೆ ಹೊರಗಿರುವಾಗಲೇ ಜಿಪ್‌ಲಾಕ್ ಚೀಲಕ್ಕೆ ಹಾಕಿ ಮುಚ್ಚಿ, ಆಮೇಲೆ ಒಳಗೆ ತನ್ನಿ. ಇಲ್ಲದಿದ್ದರೆ ಫ್ರಿಜ್‌ನಿಂದ ತೆಗೆದ ಬಾಟಲಿಯ ಹಾಗೆ ಲೆನ್ಸ್ ತುಂಬ ನೀರಹನಿ ಕೂರುತ್ತದೆ. ಒಳಗಿನ ಒಣಗಾಳಿಗೆ ತುಟಿ ಒಡೆಯುತ್ತದೆ, ಕೆಲವರಿಗೆ ಮೂಗಿನಲ್ಲಿ ರಕ್ತವೂ ಬರುತ್ತದೆ. ತಣ್ಣೀರಿನ ನಲ್ಲಿ ನೀರು ಕುಡಿಯಲು ಚೆನ್ನಾಗಿದೆ, ಆಗಾಗ ಕುಡಿಯುತ್ತಿರಿ. ಕೊಬ್ಬರಿ ಎಣ್ಣೆ ಒಯ್ಯುವುದಾದರೆ ಕಿರಿದಾದ ಬಾಯಿಯ ಬಾಟಲಿಯಲ್ಲಿ ಬೇಡ, ಗಟ್ಟಿಯಾಗಿ ಹೊರಗೆ ಬರುವುದಿಲ್ಲ. ಅಗಲ ಬಾಯಿಯ ಡಬ್ಬಿಯಲ್ಲಿ ಒಯ್ಯಿರಿ.

ಊಟಕ್ಕೆ ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿಯಿರಿ. ರವೆ, ಅವಲಕ್ಕಿ, ಚಟ್ನಿಪುಡಿ ಒಯ್ಯಬಹುದು. ತುಪ್ಪ, ಪೇಡ, ಹಾಲಿನ ಪುಡಿ ಬೇಡ, ಯೂರೋಪಿಯನ್ ಒಕ್ಕೂಟದ ಹೊರಗಿನಿಂದ ಹಾಲಿನ ಉತ್ಪನ್ನ ತರುವಂತಿಲ್ಲ. ಹಸಿ ಕರಿಬೇವಿಗೂ ಪ್ರಮಾಣಪತ್ರ ಬೇಕಾಗುತ್ತದೆ, ಮನೆಯಲ್ಲೇ ಬಿಡಿ. ವಾರದ ದಿನಗಳಲ್ಲಿ 11ರಿಂದ 2ರವರೆಗೆ 'ಲೌನಾಸ್' (ಮಧ್ಯಾಹ್ನದ ಊಟ) ಬಫೆ ಸಂಜೆಯ ಊಟಕ್ಕಿಂತ ಎಷ್ಟೋ ಅಗ್ಗ, ಬಹುತೇಕ ಕಡೆ ಸಸ್ಯಾಹಾರದ ಒಂದು ಪದಾರ್ಥ ಇದ್ದೇ ಇರುತ್ತದೆ. ಓದಲು ಕಲಿಯಬೇಕಾದ ಪದಗಳು: ಕಾಸ್ವಿಸ್ ಎಂದರೆ ತರಕಾರಿ, ಲಿಹಾ ಮಾಂಸ, ಕನಾ ಕೋಳಿ, ಕಲಾ ಮೀನು, ಮುನಾ ಮೊಟ್ಟೆ. ಗುರುವಾರದ ಬಟಾಣಿ ಸೂಪ್ ನೋಡಲು ನಮ್ಮ ತೊವ್ವೆಯಂತೆಯೇ ಇರುತ್ತದೆ, ಆದರೆ ಸಾಮಾನ್ಯವಾಗಿ ಅದರಲ್ಲಿ ಹಂದಿಮಾಂಸ ಇರುತ್ತದೆ, ಕೇಳದೆ ಬಡಿಸಿಕೊಳ್ಳಬೇಡಿ. ಕರೇಲಿಯನ್ ಪೈ ಎಂಬ ರೈ ಹಿಟ್ಟಿನ, ಒಳಗೆ ಅನ್ನದ ಗಂಜಿ ತುಂಬಿದ ತಿಂಡಿ ತಾಯಿಗೆ ಹಿಡಿಸಬಹುದು. ಮೇಲೆ ಮೊಟ್ಟೆ ಬೆರೆಸಿದ ಬೆಣ್ಣೆ ಹಚ್ಚುತ್ತಾರೆ, ಬೇಡವೆನ್ನಿ.

ದಿನದ ಯೋಜನೆ ಹೀಗಿರಲಿ: ಹೊರಗೆ 45 ನಿಮಿಷ, ಒಳಗೆ ಒಂದು ಗಂಟೆ. ಹೆಲ್ಸಿಂಕಿಯಲ್ಲಿ 2018ರಲ್ಲಿ ತೆರೆದ ಓದಿ (Oodi) ಎಂಬ ಗ್ರಂಥಾಲಯ ಸಂಸತ್ತಿನ ಎದುರೇ ಇದೆ. ಪ್ರವೇಶ ಉಚಿತ, ಬೆಚ್ಚಗಿದೆ, ಕೂರಲು ಜಾಗ, ಶೌಚಾಲಯ ಎಲ್ಲ ಇದೆ. ಅಲ್ಲಿಂದ ಸ್ವಲ್ಪ ದೂರದಲ್ಲಿ ಬಂಡೆಯೊಳಗೆ ಕೊರೆದ ತೆಂಪೆಲಿಯಾವುಕಿಯೊ ಚರ್ಚ್. ಅನೇಕ ಮ್ಯೂಸಿಯಂಗಳಿಗೆ ಸೋಮವಾರ ರಜೆ. ಸುಒಮೆನ್ಲಿನ್ನಾ ಕೋಟೆಗೆ ದೋಣಿ ವರ್ಷಪೂರ್ತಿ ಓಡುತ್ತದೆ, ಸಾಮಾನ್ಯ ಬಸ್ ಟಿಕೆಟ್ಟೇ ಸಾಕು. ಮಂಜುಗಡ್ಡೆ ಸೀಳಿಕೊಂಡು ಹೋಗುವ ಆ ಕಾಲು ಗಂಟೆಯೇ ಸೊಗಸು. ದ್ವೀಪದ ಕಲ್ಲುಹಾಸು ಮಾತ್ರ ಜಾರುತ್ತದೆ, ತಾಯಿಯೊಂದಿಗೆ ದೂರ ಹೋಗಬೇಡಿ. ವಿಮಾನ ನಿಲ್ದಾಣದಿಂದ ಊರಿಗೆ ಐ ಅಥವಾ ಪಿ ರೈಲು, ಸುಮಾರು ಅರ್ಧ ಗಂಟೆ. ಟಿಕೆಟ್ ಎಬಿಸಿ ವಲಯದ್ದಿರಬೇಕು, ಎಬಿ ತೆಗೆದುಕೊಂಡು ದಂಡ ಕಟ್ಟುವವರು ಬಹಳ. ತಾಂಪೆರೆಯಲ್ಲಿ 1906ರಿಂದ ನಡೆಯುತ್ತಿರುವ ರಾಯಾಪೋರ್ತಿ ಸೌನಾ (ಮೆಟ್ಟಿಲು ಮೆಟ್ಟಿಲಾಗಿ ಕೂರುವ ಬಿಸಿ ಹಬೆಯ ಕೋಣೆ) ಇದೆ, ಗಂಡಸರಿಗೆ ಹೆಂಗಸರಿಗೆ ಬೇರೆ ಬೇರೆ. ಬಿಪಿ ಇರುವವರು ಕೆಳಗಿನ ಮೆಟ್ಟಿಲಲ್ಲಿ ಐದು ನಿಮಿಷ ಕೂತು ಎದ್ದರೆ ಸಾಕು, ಹಿಮದ ನೀರಿಗೆ ಧುಮುಕುವುದು ಬೇಡ.

ರೊವಾನಿಯೆಮಿಯಲ್ಲಿ ಸಾಂಟಾ ಹಳ್ಳಿಗೆ 8ನೇ ನಂಬರ್ ಬಸ್, ಒಳಗೆ ಓಡಾಡಲು ಟಿಕೆಟ್ ಇಲ್ಲ. ಹಿಮಸಾರಂಗ, ನಾಯಿಬಂಡಿ ಸವಾರಿ ನಡೆಸುವವರು ಸಾಮಾನ್ಯವಾಗಿ ದಪ್ಪ ಮೇಲುಡುಪು, ಬೂಟು ತಾವೇ ಕೊಡುತ್ತಾರೆ, ಬುಕ್ ಮಾಡುವಾಗ ಕೇಳಿ ಖಚಿತಪಡಿಸಿಕೊಳ್ಳಿ. ಮೈನಸ್ ಮೂವತ್ತರ ಬಟ್ಟೆಗೆ ನೀವು ದುಡ್ಡು ಸುರಿಯುವುದು ಬೇಕಿಲ್ಲ. ಉತ್ತರದ ಬೆಳಕು (ರಾತ್ರಿ ಆಕಾಶದಲ್ಲಿ ಹೊಳೆಯುವ ಅರೋರಾ) ಕಾಣಲು ಮೋಡವಿಲ್ಲದ ರಾತ್ರಿ ಬೇಕು, ಅದಕ್ಕಾಗಿಯೇ ಮೂರು ರಾತ್ರಿ ಹೇಳಿದ್ದು. ಆರ್ಕ್ತಿಕುಮ್ ಮ್ಯೂಸಿಯಂ ಹಿಂದಿನ ನದಿದಂಡೆ ಊರ ನಡುವಿನಿಂದ ನಡಿಗೆಯ ದೂರದಲ್ಲಿದೆ, ಉತ್ತರಕ್ಕೆ ತೆರೆದಿದೆ. ದುಬಾರಿ ಟೂರ್ ಕೊಳ್ಳುವ ಮುನ್ನ ರಾತ್ರಿ ಹತ್ತಕ್ಕೆ ಅಲ್ಲಿಗೆ ಹೋಗಿ ನಿಲ್ಲಿ. ನದಿಯ ಮಂಜುಗಡ್ಡೆ ಮೇಲೆ ಮಾತ್ರ ಸ್ಥಳೀಯರು ತುಳಿದ ದಾರಿ ಬಿಟ್ಟು ಇಳಿಯಬೇಡಿ. ತುರ್ತಿಗೆ 112.

ತಾಯಿಯ ಬೂಟನ್ನು ಈಗಲೇ ತಂದು, ಹೊರಡುವ ಎರಡು ವಾರ ಮೊದಲಿನಿಂದ ದಿನಕ್ಕೆ ಅರ್ಧ ಗಂಟೆ ಉಣ್ಣೆ ಸಾಕ್ಸ್ ಸಮೇತ ಮನೆಯೊಳಗೆ ನಡೆಸಿ. ಹಿಮ್ಮಡಿ ಕಚ್ಚುವುದಾದರೆ ಜಯನಗರದಲ್ಲೇ ಕಚ್ಚಲಿ, ಅಂಗಡಿಯವರು ಬದಲಾಯಿಸಿ ಕೊಡುತ್ತಾರೆ.