ನೀರಿನ ಮೇಲೆ ಹಾರೋ ದೋಣಿ ಯಾಕೆ ಕೈಕೊಡತ್ತೆ?

ಪ್ರಶ್ನೆ: ಶನಿವಾರ ಎಲ್ಲರಿಗಿಂತ ಫಾಸ್ಟಾಗಿದ್ದ ಹೈಡ್ರೋಪ್ಲೇನ್ (ನೀರಿಗೆ ತಾಗಿಯೂ ತಾಗದ ಹಾಗೆ ಓಡೋ ರೇಸ್ ದೋಣಿ) ಟೀಮು ಭಾನುವಾರ ಫೈನಲ್‌ಗೇ ಬರಲ್ಲ, ಹಿಂಗ್ಯಾಕೆ ಸಾರ್?

ಉತ್ತರ: ಅಯ್ಯೋ, ಅದು ಮಾಮೂಲಿ ಕಣ್ರೀ. ಅಮೆರಿಕದ ಅನ್‌ಲಿಮಿಟೆಡ್ ಕ್ಲಾಸ್ (ಅಂದ್ರೆ ಈ ರೇಸಿನ ಅತಿ ವೇಗದ ವರ್ಗ) ದೋಣಿಗಳಲ್ಲಿ ಹೆಚ್ಚಿನವಕ್ಕೆ ಇರೋದು ಚಿನೂಕ್ ಹೆಲಿಕಾಪ್ಟರಿನ ಟರ್ಬೈನ್ ಇಂಜಿನ್ನು, ಗಂಟೆಗೆ 300 ಕಿ.ಮೀ. ಓಡುವಾಗ ನೀರಿಗೆ ತಾಗಿರೋದು ಎರಡು ಸ್ಪಾನ್ಸನ್ (ಮುಂದುಗಡೆ ಎರಡೂ ಪಕ್ಕಕ್ಕೆ ಚಾಚಿರೋ ಭಾಗ) ತುದಿ ಮತ್ತೆ ಅರ್ಧ ಮುಳುಗಿದ ಪ್ರೊಪೆಲರ್ ಅಷ್ಟೇ, ಅಂಥದ್ರಲ್ಲಿ ಒಂದು ಕಟ್ಟಿಗೆ ತುಂಡು ಸಿಕ್ಕರೆ ಬ್ಲೇಡು ಹೋಯ್ತು, ಆ ನಡುಕಕ್ಕೆ ಗೇರ್‌ಬಾಕ್ಸೂ ಹೋಗ್ಬಹುದು. ಮುಂದಿನ ದೋಣಿ ಎಬ್ಬಿಸೋ ನೀರಿನ ಗೋಡೆಯೊಳಗೆ ಹೊಕ್ಕರೆ ಇಂಜಿನ್ನೇ ಆರಿಹೋಗ್ಬಹುದು. ಹೀಟ್‌ಗಳ (ಫೈನಲ್‌ಗೆ ಮುಂಚಿನ ಸುತ್ತುಗಳ) ನಡುವೆ ಮೆಕ್ಯಾನಿಕ್‌ಗಳು ಇಡೀ ಇಂಜಿನ್ನೇ ಬದಲಾಯಿಸ್ತಾರೆ, ಊಟ ಗೀಟ ಮರ್ತುಬಿಡಿ. ಇಷ್ಟೆಲ್ಲ ಮಾಡಿ, ರೇಸ್ ಶುರುವಿಗೆ ಇಳಿಎಣಿಕೆ ಮಾಡೋ ಗಡಿಯಾರ ಸೊನ್ನೆಗೆ ಬರೋ ಮುಂಚೆ ಸ್ಟಾರ್ಟ್ ಗೆರೆ ದಾಟಿದ್ರೆ ಪೆನಾಲ್ಟಿ! ನನ್ನ ಕೇಳಿದ್ರೆ ಇಂಜಿನ್ ಸುಟ್ಟಿದ್ದಕ್ಕಿಂತ ಇದೇ ಜಾಸ್ತಿ ಹೊಟ್ಟೆ ಉರಿಸೋದು.